ಲೋಗೋ ಒಬ್ಬರದು, ಕಾರು ಇನ್ನೊಬ್ಬರದು: ಇದು ಮೋಸವೇ?

ಪ್ರಶ್ನೆ: ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ಅಪ್ಪ ಮೊದಲು ಕ್ವಾಲಿಸ್ ಇಟ್ಟುಕೊಂಡಿದ್ದರು. ಆಮೇಲೆ ಇನೋವಾ ಬಂತು. ಅದು ಈಗ 2.8 ಲಕ್ಷ ಕಿ.ಮೀ. ಓಡಿದೆ, ಎಂಜಿನ್ ಇನ್ನೂ ಬಿಚ್ಚಿಲ್ಲ. ದಿನಾ ಕೆಲಸಕ್ಕೆ ಹೋಗಿಬರಲು ಚಿಕ್ಕ ಕಾರು ಬೇಕಿತ್ತು. ಟೊಯೋಟಾ ಮೇಲಿನ ನಂಬಿಕೆಯಿಂದ ಗ್ಲಾಂಜಾ ನೋಡಿ ಮುಂಗಡ ಕೊಟ್ಟು ಬಂದೆ. ಮನೆಗೆ ಬಂದರೆ ಭಾವ, 'ಅದು ಬೋರ್ಡು ಬದಲಾಯಿಸಿದ ಮಾರುತಿ ಬಲೆನೋ ಕಣಯ್ಯಾ' ಅಂದರು. ತಮ್ಮ ಬಲೆನೋದಲ್ಲಿ ಕೂರಿಸಿ ತೋರಿಸಿದರು. ಡ್ಯಾಶ್‌ಬೋರ್ಡ್, ಸ್ವಿಚ್ಚು, ಗೇರ್ ಎಲ್ಲಾ ಅದೇ! ನನಗೆ ಮೋಸ ಹೋದ ಹಾಗೆ ಅನ್ನಿಸಿತು. ಈ ಕಾರಿಗೆ ಟೊಯೋಟಾ ಗುಣಮಟ್ಟ ಇರುತ್ತದಾ? ಮುಂದೆ ಮಾರುವಾಗ ಬೆಲೆ ಬರುತ್ತದಾ? ಇಷ್ಟು ದೊಡ್ಡ ಕಂಪನಿ ತನ್ನ ಹೆಸರನ್ನು ಹೀಗೆ ಬೇರೆಯವರ ಕಾರಿಗೆ ಅಂಟಿಸಿದರೆ ಆ ಹೆಸರಿಗೆ ಬೆಲೆ ಉಳಿಯುತ್ತದಾ? ಮುಂಗಡ ವಾಪಸ್ ತಗೊಳ್ಳಲಾ? ಅಪ್ಪನ ಇನೋವಾ ಮಾರಿಬಿಡುವುದು ಒಳ್ಳೆಯದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಬೇಜಾರಾಗಿರುವುದು ದುಡ್ಡಿನ ವಿಷಯಕ್ಕಲ್ಲ. ಇಪ್ಪತ್ತು ವರ್ಷ ನಿಮ್ಮ ಮನೆಯ ಅಂಗಳದಲ್ಲಿ ನಿಂತ ಗಾಡಿಗಳ ಮೇಲೆ ಒಂದು ನಂಬಿಕೆ ಬೆಳೆದಿತ್ತು. ಅದೇ ನಂಬಿಕೆ ಇಟ್ಟುಕೊಂಡು ಹೋಗಿ ಇನ್ಯಾರದೋ ಕಾರಿಗೆ ಮುಂಗಡ ಕೊಟ್ಟೆನಲ್ಲ ಅನ್ನುವುದು ನಿಮ್ಮ ಸಂಕಟ. ಅದು ಸಣ್ಣ ವಿಷಯವೇನಲ್ಲ. 26 ವರ್ಷ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಈಗ ಹಳೇ ಕಾರು ಕೊಳ್ಳುವವರಿಗೆ ಗಾಡಿ ಪರೀಕ್ಷೆ ಮಾಡಿಕೊಡುತ್ತೇನೆ. ಈ ಪ್ರಶ್ನೆ ನನ್ನ ಬಳಿಗೆ ತಿಂಗಳಿಗೆ ಒಂದಾದರೂ ಬರುತ್ತದೆ.

ನಿಮ್ಮ ಭಾವ ಹೇಳಿದ್ದು ನಿಜ. ಗ್ಲಾಂಜಾ ಅಂದರೆ ಬಲೆನೋನೇ. 2019ರ ಜೂನ್‌ನಲ್ಲಿ ಬಂದಾಗಿನಿಂದಲೂ ಅದು ಗುಜರಾತಿನ ಹನ್ಸಲ್‌ಪುರದ ಸುಜುಕಿ ಕಾರ್ಖಾನೆಯಲ್ಲಿ ಬಲೆನೋ ಜೊತೆಗೇ ತಯಾರಾಗುವ ಕಾರು. ಒಬ್ಬರು ಮಾಡಿದ ಕಾರಿಗೆ ಇನ್ನೊಬ್ಬರು ತಮ್ಮ ಲಾಂಛನ ಹಾಕಿ ಮಾರುವುದಕ್ಕೆ ಬ್ಯಾಡ್ಜ್ ಎಂಜಿನಿಯರಿಂಗ್ ಅನ್ನುತ್ತಾರೆ. ಇದನ್ನು ಪ್ಲ್ಯಾಟ್‌ಫಾರ್ಮ್ ಹಂಚಿಕೆಯ ಜೊತೆ ಸೇರಿಸಬೇಡಿ. ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್ ನೋಡಿ. ಅಡಿಪಾಯ ಮತ್ತು ಎಂಜಿನ್ ಒಂದೇ. ಆದರೆ ಮೇಲಿನ ತಗಡು, ಡ್ಯಾಶ್‌ಬೋರ್ಡ್ ಬೇರೆ ಬೇರೆ. ಒಂದೇ ಅಳತೆಯ ಸೈಟಿನಲ್ಲಿ ಎರಡು ಮನೆ ಕಟ್ಟಿದ ಹಾಗೆ. ಗ್ಲಾಂಜಾದಲ್ಲಿ ಮನೆಯೇ ಒಂದು. ಗೇಟು ಮತ್ತು ಹೆಸರಿನ ಫಲಕ ಮಾತ್ರ ಬೇರೆ.

ಇದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಮುಂಭಾಗಕ್ಕೆ ಪೆಟ್ಟು ಬಿದ್ದ ಗ್ಲಾಂಜಾ ಒಂದು ನಮ್ಮಲ್ಲಿಗೆ ಬಂತು. ಅದೇ ಹೊತ್ತಿಗೆ ಪಕ್ಕದಲ್ಲೇ ಬಲೆನೋ ಒಂದು ಬಂಪರ್ ಬಿಚ್ಚಿಕೊಂಡು ನಿಂತಿತ್ತು. ಬಂಪರ್ ತೆಗೆದ ಮೇಲೆ ಯಾವುದು ಯಾವ ಕಂಪನಿಯದು ಎಂದು ನಮ್ಮ ಹುಡುಗರಿಗೇ ಗುರುತು ಸಿಗಲಿಲ್ಲ. ರೇಡಿಯೇಟರ್ ಕಟ್ಟಿದ ಚೌಕಟ್ಟು, ಅದರ ಹಿಂದಿನ ಎಂಜಿನ್, ವೈರಿಂಗ್ ಕ್ಲಿಪ್ಪುಗಳ ಬಣ್ಣ ಕೂಡ ಒಂದೇ. ಬಿಡಿಭಾಗವೊಂದನ್ನು ತಿರುಗಿಸಿ ನೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಸುಜುಕಿಯ ಎಸ್ ಗುರುತು ಒತ್ತಿತ್ತು. ಆದರೆ ಬಲೆನೋ ಬಂಪರ್ ತಂದು ಗ್ಲಾಂಜಾಗೆ ಇಟ್ಟರೆ ಕೂರುವುದಿಲ್ಲ. ಗ್ರಿಲ್ಲಿನ ಆಕಾರ ಬೇರೆ. ಟೊಯೋಟಾದ ಕೈಕೆಲಸ ಅಂತ ಇರುವುದು ಹೆಚ್ಚಾಗಿ ಆ ಒಂದು ಗೇಣು ಜಾಗದಲ್ಲೇ. ಕಾರಿನ ಮಾಲೀಕರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಸುಮ್ನೆ ಎರಡೂ ಕಾರನ್ನು ಮೂರು ನಾಲ್ಕು ಸಲ ನೋಡಿದರು. ನಿಮ್ಮ ಪತ್ರ ಓದುವಾಗ ನನಗೆ ಅವರ ಮುಖವೇ ನೆನಪಾಯಿತು.

ಈಗ ಬಾಯಿಂದ ಬಾಯಿಗೆ ಹರಡಿದ ಕೆಲವು ಮಾತುಗಳ ವಿಷಯ. 'ಟೊಯೋಟಾದವರು ದಪ್ಪ ತಗಡು ಹಾಕಿಸುತ್ತಾರಂತೆ' ಅನ್ನುವುದು ಸುಳ್ಳು. ಬಾಡಿ ಒಂದೇ, ತಗಡೂ ಒಂದೇ. ಹಾಗಾಗಿ ಸುರಕ್ಷತೆಯ ವಿಷಯ ಬಂದಾಗ ಲಾಂಛನ ನೋಡಬೇಡಿ. ನೀವು ತಗೊಳ್ಳುವ ವೇರಿಯಂಟಿನಲ್ಲಿ ಎಷ್ಟು ಏರ್‌ಬ್ಯಾಗ್ ಇದೆ, ಅಷ್ಟೇ ಏರ್‌ಬ್ಯಾಗಿನ ಬಲೆನೋ ಕ್ರ್ಯಾಶ್ ಪರೀಕ್ಷೆಯಲ್ಲಿ ಏನು ಮಾಡಿದೆ ಎಂದು ನೋಡಿ. 'ಮಾರುತಿಯವರು ಉಳಿದಬಳಿದದ್ದನ್ನು ಟೊಯೋಟಾಕ್ಕೆ ಕೊಡುತ್ತಾರಂತೆ' ಅನ್ನುವುದೂ ಅಷ್ಟೇ ಸುಳ್ಳು. ಒಂದೇ ಸಾಲಿನಲ್ಲಿ, ಅದೇ ಕೆಲಸಗಾರರ ಕೈಯಲ್ಲಿ ಎರಡೂ ಹೊರಬರುತ್ತವೆ. ಒಳ್ಳೆಯದಾದರೆ ಎರಡೂ ಒಳ್ಳೆಯದು, ದೋಷ ಬಂದರೆ ಎರಡಕ್ಕೂ ಬರುತ್ತದೆ. 2023ರ ಜನವರಿಯಲ್ಲಿ ಹಾಗೇ ಆಯಿತು. ಏರ್‌ಬ್ಯಾಗ್ ಕಂಟ್ರೋಲರ್‌ನಲ್ಲಿ ದೋಷ ಇರಬಹುದು ಎಂದು ಮಾರುತಿ 17,362 ಕಾರುಗಳನ್ನು ವಾಪಸ್ ಕರೆಸಿತು. ಅವುಗಳಲ್ಲಿ ಬಲೆನೋ, ಗ್ರ್ಯಾಂಡ್ ವಿಟಾರ ಇದ್ದವು. ಅದರ ಬೆನ್ನಿಗೇ ಟೊಯೋಟಾ 1,390 ಗ್ಲಾಂಜಾ ಮತ್ತು ಹೈರೈಡರ್‌ಗಳನ್ನು (ಹೈರೈಡರ್ ಅಂದರೆ ಗ್ರ್ಯಾಂಡ್ ವಿಟಾರದ ಟೊಯೋಟಾ ಅವಳಿ) ಅದೇ ಕಾರಣಕ್ಕೆ ಕರೆಸಿತು.

ಹಾಗಾದರೆ ನಿಮ್ಮ ಇನೋವಾದ ಆ ಗಟ್ಟಿತನ ಗ್ಲಾಂಜಾದಲ್ಲಿ ಇದೆಯಾ? ಇಲ್ಲ. ಇರಲೂ ಸಾಧ್ಯವಿಲ್ಲ. ನಿಮ್ಮದು ಚಾಸಿಸ್ ಮೇಲೆ ಕೂತ ಡೀಸೆಲ್ ಗಾಡಿ. ಅದರ ತೂಕ, ಅದರ ಕೆಲಸ ಎಲ್ಲಾ ಬೇರೆ. ಟೊಯೋಟಾನೇ ಸ್ವಂತವಾಗಿ ಚಿಕ್ಕ ಕಾರು ಮಾಡಿದ್ದರೂ ಅದು ಇನೋವಾ ಆಗುತ್ತಿರಲಿಲ್ಲ. ಹಾಗಂತ ಬಲೆನೋ ಕೆಟ್ಟ ಕಾರಲ್ಲ. ಸುಜುಕಿಯವರ 1.2 ಲೀಟರ್ ಪೆಟ್ರೋಲ್ ಎಂಜಿನ್ ನಾನು ಕಂಡ ನಂಬಿಗಸ್ತ ಎಂಜಿನ್‌ಗಳಲ್ಲಿ ಒಂದು. ಸಮಯಕ್ಕೆ ಆಯಿಲ್ ಬದಲಾಯಿಸಿದರೆ ಅದರಿಂದ ತಲೆನೋವು ಬಂದದ್ದು ಬಹಳ ಕಮ್ಮಿ.

ಹಾಗಿದ್ದರೆ ಟೊಯೋಟಾಗೆ ಇದು ಯಾಕೆ ಬೇಕಿತ್ತು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೆಂಗಳೂರು ಹತ್ತಿರದ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನೋವಾ ಬಂದವು. ದೊಡ್ಡ ಗಾಡಿಯಲ್ಲಿ ಟೊಯೋಟಾ ಗೆದ್ದಿತು. ಚಿಕ್ಕ ಕಾರಿನಲ್ಲಿ ಆಗಲಿಲ್ಲ. 2010ರ ಕೊನೆಗೆ ಬಂದ ಇಟಿಯೋಸ್ ಗಟ್ಟಿ ಕಾರು. ಟ್ಯಾಕ್ಸಿಯವರು ಕಣ್ಣಿಗೊತ್ತಿಕೊಂಡರು, ಮನೆಯವರು ಅಷ್ಟಾಗಿ ಮೆಚ್ಚಲಿಲ್ಲ. 2020ರಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ ಇಟಿಯೋಸ್ ನಿಂತಿತು. ಮರುವರ್ಷ ಯಾರಿಸ್ ಕೂಡ ನಿಂತಿತು. ಷೋರೂಮಿನವರಿಗೆ ಬಾಡಿಗೆ, ಸಂಬಳ ಹುಟ್ಟಬೇಕಲ್ವಾ? ಇನೋವಾ, ಫಾರ್ಚೂನರ್ ಮಾತ್ರ ಇಟ್ಟುಕೊಂಡು ಸಣ್ಣ ಊರಿನಲ್ಲಿ ಅಂಗಡಿ ನಡೆಸುವುದು ಕಷ್ಟ. ಚಿಕ್ಕ ಕಾರು ಇದ್ದರೆ ಇನ್ನೂ ಒಂದು ಲಾಭವಿದೆ. ಒಂದು ಕಂಪನಿ ಮಾರುವ ಎಲ್ಲಾ ಕಾರುಗಳ ಸರಾಸರಿ ಇಂಧನ ಬಳಕೆಗೆ ಸರ್ಕಾರದ ಮಿತಿ ಇದೆ. ದೊಡ್ಡ ಡೀಸೆಲ್ ಗಾಡಿಗಳ ಜೊತೆ ಚಿಕ್ಕ ಪೆಟ್ರೋಲ್ ಕಾರು ಮಾರಿದರೆ ಆ ಸರಾಸರಿ ಇಳಿಯುತ್ತದೆ.

ಆ ಕಡೆ ಸುಜುಕಿಗೂ ಒಂದು ಕೊರತೆ ಇತ್ತು. ಚಿಕ್ಕ ಕಾರಿನಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರು ಸೇರಿಸುವ ಹೈಬ್ರಿಡ್ ತಂತ್ರಜ್ಞಾನದಲ್ಲಿ ಅವರು ಟೊಯೋಟಾದಷ್ಟು ಮುಂದೆ ಇರಲಿಲ್ಲ. 2018ರಲ್ಲಿ ಭಾರತದಲ್ಲಿ ಒಬ್ಬರಿಗೊಬ್ಬರು ಕಾರು ಕೊಟ್ಟುಕೊಳ್ಳಲು ಒಪ್ಪಂದ ಆಯಿತು. 2019ರ ಆಗಸ್ಟ್‌ನಲ್ಲಿ ಪರಸ್ಪರ ಷೇರು ಕೊಳ್ಳುವ ನಿರ್ಧಾರ ಬಂತು. ಟೊಯೋಟಾ ಪಾಲಿಗೆ ಸುಜುಕಿಯ ಸುಮಾರು ಶೇ 5ರಷ್ಟು ಷೇರು. ಆಮೇಲೆ ಸಾಲುಸಾಲಾಗಿ ಬಂದವು: ಮಾರುತಿಯ ಬ್ರೆಝಾದಿಂದ ಟೊಯೋಟಾದ ಅರ್ಬನ್ ಕ್ರೂಸರ್, ಎರ್ಟಿಗಾದಿಂದ ರೂಮಿಯನ್, ಫ್ರಾಂಕ್ಸ್‌ನಿಂದ ಟೈಸರ್.

ಕೊಡುಕೊಳ್ಳುವುದು ಎರಡೂ ಕಡೆ ಇದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಮಾರುತಿ ಇನ್ವಿಕ್ಟೊ ನಮ್ಮ ಬಿಡದಿಯಲ್ಲೇ ತಯಾರಾಗುವ ಇನೋವಾ ಹೈಕ್ರಾಸ್. 2022ರಲ್ಲಿ ಗ್ರ್ಯಾಂಡ್ ವಿಟಾರ ಮತ್ತು ಹೈರೈಡರ್ ಎರಡೂ ಬಿಡದಿಯಿಂದಲೇ ಹೊರಟವು. ಅವುಗಳಲ್ಲಿ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಬ್ಯಾಟರಿ ಮೋಟಾರಿನಲ್ಲೇ ಸ್ವಲ್ಪ ದೂರ ಓಡಬಲ್ಲದ್ದು, ತಗೊಂಡರೆ ಎಂಜಿನ್ ಟೊಯೋಟಾದ್ದು. ಮೈಲ್ಡ್ ಹೈಬ್ರಿಡ್, ಅಂದರೆ ಮೋಟಾರು ಎಂಜಿನ್‌ಗೆ ಬರೀ ಕೈಜೋಡಿಸುವಂಥದ್ದು, ತಗೊಂಡರೆ ಎಂಜಿನ್ ಸುಜುಕಿಯದು. ಅಂದರೆ ಮಾರುತಿ ಲಾಂಛನದ ಗ್ರ್ಯಾಂಡ್ ವಿಟಾರ ಹೈಬ್ರಿಡ್ ಓಡಿಸುವವರ ಬಾನೆಟ್ ಕೆಳಗೆ ಟೊಯೋಟಾ ಇದೆ, ನಿಮ್ಮ ಗ್ಲಾಂಜಾದಲ್ಲಿ ಇಲ್ಲ! ಬಾನೆಟ್ ಮುಂದಿನ ಗುರುತು ನೋಡಿ ಒಳಗಿನದನ್ನು ಊಹಿಸುವ ಕಾಲ ಮುಗಿದಿದೆ.

ಇನ್ನು ಹೆಸರಿನ ಪ್ರಶ್ನೆ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಇದಕ್ಕೆ ಉತ್ತರ ಬೇಕೆಂದರೆ ಇಂಗ್ಲೆಂಡು, ಅಮೆರಿಕಗಳಲ್ಲಿ ಆದದ್ದನ್ನು ನೋಡಬೇಕು.

ಇಂಗ್ಲೆಂಡಿನ ಬಿಎಂಸಿ ಕಂಪನಿ 1962ರಲ್ಲಿ ಮಾರಿಸ್ 1100 ಅನ್ನುವ ಕಾರು ತಂದಿತು. ಮುಂದಿನ ಚಕ್ರಕ್ಕೆ ಶಕ್ತಿ, ದ್ರವದ ಸಸ್ಪೆನ್ಷನ್. ಆ ಕಾಲಕ್ಕೆ ಅದ್ಭುತ ಕಾರು. ಅದನ್ನೇ ಆಸ್ಟಿನ್, ಎಂಜಿ, ರೈಲಿ, ವೂಲ್ಸ್‌ಲಿ, ವ್ಯಾಂಡನ್ ಪ್ಲಾಸ್ ಹೆಸರಲ್ಲೂ ಮಾರಿದರು. ಒಂದು ಕಾರು, ಆರು ಹೆಸರು. ರೈಲಿ ಅಂದರೆ ಮೊದಲು ಚುರುಕಾಗಿ ಓಡುವ ಕಾರು ಎಂಬ ಹೆಸರಿತ್ತು. ವೂಲ್ಸ್‌ಲಿ ಅಂದರೆ ಗೌರವಸ್ಥರ ಕಾರು, ರಾತ್ರಿ ದೀಪ ಹಾಕಿದರೆ ಗ್ರಿಲ್ಲಿನ ಮೇಲಿನ ಲಾಂಛನವೂ ಬೆಳಗುತ್ತಿತ್ತು. ಆರೂ ಕಾರು ಒಂದೇ ಆದ ಮೇಲೆ ಉಳಿದದ್ದು ಆ ದೀಪ, ಒಂದಿಷ್ಟು ಮರದ ಪಟ್ಟಿ, ಸೀಟಿನ ಚರ್ಮ. ಕಾರು ಮಾತ್ರ ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ರೈಲಿ 1969ರಲ್ಲಿ ಮುಚ್ಚಿತು, ವೂಲ್ಸ್‌ಲಿ 1975ರಲ್ಲಿ. ಕಾರು ಗೆದ್ದಿತು, ಹೆಸರುಗಳು ಸತ್ತವು. ಬ್ಯಾಡ್ಜ್ ಬದಲಾವಣೆಯ ಅಪಾಯ ಇಷ್ಟು ನಿಧಾನವಾಗಿ ಬರುವುದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ವರ್ಷದ ಲೆಕ್ಕಪತ್ರದಲ್ಲಿ ಲಾಭವೇ ಕಾಣುತ್ತದೆ.

ಅಮೆರಿಕದ ಕಥೆ ನಿಮ್ಮ ಬೇಜಾರಿಗೆ ಇನ್ನೂ ಹತ್ತಿರದ್ದು. ಜನರಲ್ ಮೋಟರ್ಸ್‌ನ ಓಲ್ಡ್ಸ್‌ಮೊಬಿಲ್‌ಗೆ ರಾಕೆಟ್ ಅನ್ನುವ ಸ್ವಂತ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇತ್ತು. ಜನ ಆ ಎಂಜಿನ್ ಹೆಸರು ಕೇಳಿಯೇ ಕಾರು ಕೊಳ್ಳುತ್ತಿದ್ದರು. 1977ರಲ್ಲಿ ಕೆಲವು ಓಲ್ಡ್ಸ್‌ಮೊಬಿಲ್‌ಗಳಲ್ಲಿ ಅದೇ ಜನರಲ್ ಮೋಟರ್ಸ್‌ನ ಇನ್ನೊಂದು ವಿಭಾಗವಾದ ಷೆವ್ರೊಲೆಯ ಎಂಜಿನ್ ಇದೆ ಎಂದು ಕೊಂಡವರಿಗೆ ಗೊತ್ತಾಯಿತು. ಆ ಎಂಜಿನ್ ಕೆಟ್ಟದ್ದಾಗಿರಲಿಲ್ಲ. ಆದರೂ ಜನ ಸಿಟ್ಟಾದರು, ಕೋರ್ಟಿಗೆ ಹೋದರು, ಕಂಪನಿ ಪರಿಹಾರ ಕೊಡಬೇಕಾಯಿತು. ಆಮೇಲಿನ ಜಾಹೀರಾತುಗಳಲ್ಲಿ 'ನಮ್ಮ ಕಾರಿನಲ್ಲಿ ಬೇರೆ ವಿಭಾಗಗಳ ಎಂಜಿನ್ ಇರಬಹುದು' ಎಂಬ ಅರ್ಥದ ಸಾಲು ಹಾಕಬೇಕಾಯಿತು. ಅದೇ ಕಂಪನಿ 1982ರ ಮಾದರಿಯಾಗಿ ಷೆವ್ರೊಲೆ ಕ್ಯಾವಲಿಯರ್‌ನಿಂದ ಕ್ಯಾಡಿಲ್ಯಾಕ್ ಸಿಮರಾನ್ ಮಾಡಿತು. ಸಾಮಾನ್ಯರ ಕಾರಿಗೆ ಶ್ರೀಮಂತರ ಹೆಸರು. ಜನ ಅದನ್ನು ಒಪ್ಪಲೇ ಇಲ್ಲ. 1897ರಲ್ಲಿ ಹುಟ್ಟಿದ ಓಲ್ಡ್ಸ್‌ಮೊಬಿಲ್ 2004ರಲ್ಲಿ ಮುಚ್ಚಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಇದೇ ಕಾರು ಯಾಕೆ ಬೇಕು ಅನ್ನುವ ಪ್ರಶ್ನೆಗೆ ಕೊನೆಗೆ ಅವರ ಬಳಿ ಉತ್ತರ ಉಳಿದಿರಲಿಲ್ಲ.

ನಮ್ಮಲ್ಲೂ ಒಂದು ಉದಾಹರಣೆ ಇದೆ. ಚೆನ್ನೈ ಹತ್ತಿರದ ಒರಗಡಂನಲ್ಲಿ ರೆನೋ, ನಿಸಾನ್ ಒಂದೇ ಕಾರ್ಖಾನೆ ಹಂಚಿಕೊಂಡಿದ್ದವು. ನಿಸಾನ್ ಮೈಕ್ರಾಗೆ ರೆನೋ ಪಲ್ಸ್ ಎಂದೂ, ಸನ್ನಿಗೆ ರೆನೋ ಸ್ಕಾಲಾ ಎಂದೂ ಹೆಸರಿಟ್ಟು 2012ರಲ್ಲಿ ತಂದರು. ಎರಡೂ ನೆಲ ಕಚ್ಚಿದವು. ಅದೇ ವರ್ಷ ಬಂದ ಡಸ್ಟರ್ ರೆನೋಗೆ ಹೆಸರು ತಂದುಕೊಟ್ಟಿತು. ತಮಾಷೆ ಅಲ್ಲ, ಆ ಡಸ್ಟರ್ ಕೂಡ ಯೂರೋಪಿನಲ್ಲಿ ರುಮೇನಿಯಾದ ಡಾಚಿಯಾ ಕಂಪನಿಯ ಹೆಸರಲ್ಲಿ ಓಡುವ ಕಾರು! ಆದರೆ ಡಾಚಿಯಾ ನಮ್ಮವರಿಗೆ ಗೊತ್ತಿರಲಿಲ್ಲ. ಮೈಕ್ರಾ ಗೊತ್ತಿತ್ತು. ಹೀಗಾಗಿ ಒಂದು ನಕಲಿನಂತೆ ಕಂಡಿತು, ಇನ್ನೊಂದು ಅಸಲಿಯಂತೆ. ನಮ್ಮ ಅಂಬಾಸಡರ್ ಕೂಡ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಅಲ್ವಾ? ಅದು ಲೈಸೆನ್ಸ್ ಪಡೆದು ಇಲ್ಲೇ ಮಾಡಿದ ಕಾರು, ಲೆಕ್ಕ ಸ್ವಲ್ಪ ಬೇರೆ. ಆದರೂ ಅದನ್ನು ಪರದೇಶದ್ದು ಅಂದವರು ಯಾರೂ ಇಲ್ಲ. ಮದುವೆ ದಿಬ್ಬಣ, ಸರ್ಕಾರಿ ಕೆಂಪು ದೀಪ, ಊರಿನ ಟ್ಯಾಕ್ಸಿ ಎಲ್ಲಾ ಸೇರಿ ಅದನ್ನು ನಮ್ಮದು ಮಾಡಿದವು. ಕಾರಿನ ಗುರುತು ಇರುವುದು ಕೊಳ್ಳುವವರ ನೆನಪಿನಲ್ಲಿ. ಪಕ್ಕದಲ್ಲೇ ಮೂಲ ಕಾರು ಓಡಾಡುತ್ತಿದ್ದರೆ ಹೊಸ ಹೆಸರು ಬೇರೂರುವುದು ಬಹಳ ಕಷ್ಟ. ಗ್ಲಾಂಜಾ ಬರುವ ಹೊತ್ತಿಗೆ ನಮ್ಮ ಬೀದಿಗಳಲ್ಲಿ ಬಲೆನೋ ಓಡಾಡುತ್ತಾ ಮೂರೂವರೆ ವರ್ಷ ಆಗಿತ್ತು.

ಹಾಗಾದರೆ ಟೊಯೋಟಾ ಹೆಸರು ಸವೆಯುತ್ತದಾ? ನನ್ನ ಅನಿಸಿಕೆ ಹೇಳುತ್ತೇನೆ. ನಿಮ್ಮ ಅಪ್ಪ ಕ್ವಾಲಿಸ್ ಓಡಿಸಿ, ನೀವು ಇನೋವಾ ಓಡಿಸಿ ಆ ಹೆಸರಿನ ಮೇಲೆ ನಂಬಿಕೆ ಕೂಡಿಟ್ಟಿರಿ. ಗ್ಲಾಂಜಾ ಮಾರಾಟವಾಗುವುದು ಆ ಕೂಡಿಟ್ಟ ನಂಬಿಕೆಯ ಖರ್ಚಿನಲ್ಲಿ. ಖರ್ಚು ಮಾಡಿದ್ದೇ ತಪ್ಪಲ್ಲ, ಅತ್ತ ಹೊಸದಾಗಿ ಜಮೆ ಆಗುತ್ತಿರಬೇಕು. ಹೈಕ್ರಾಸ್‌ನಂಥ ಸ್ವಂತ ಕಾರು, ಹೈಬ್ರಿಡ್, ವರ್ಕ್‌ಶಾಪಿನ ಒಳ್ಳೆ ನಡವಳಿಕೆ ಇವೆಲ್ಲಾ ಜಮೆ. ಅವು ಇರುವವರೆಗೆ ಹೆಸರಿಗೆ ತಕ್ಷಣ ಏನೂ ಆಗುವುದಿಲ್ಲ. ನನಗೆ ಕಳವಳ ಇರುವುದು ಈಗಿನ ಹುಡುಗರ ವಿಷಯದಲ್ಲಿ. ಅವರ ಮೊದಲ ಟೊಯೋಟಾ ಗ್ಲಾಂಜಾ ಅಥವಾ ಟೈಸರ್ ಆಗಿರುತ್ತದೆ. ಕ್ವಾಲಿಸ್ ಅವರು ಕಂಡಿಲ್ಲ. ಅವರ ತಲೆಯಲ್ಲಿ ಟೊಯೋಟಾ ಅಂದರೆ ಏನು ಉಳಿಯುತ್ತದೆ? ಕಂಪನಿಯವರು ಈ ಪ್ರಶ್ನೆಯನ್ನು ಹಗುರಾಗಿ ತಗೊಳ್ಳಬಾರದು ಎಂದು ನಾನು ನಿಜಕ್ಕೂ ಬಯಸುತ್ತೇನೆ. ಬಿಡದಿಯ ಕಾರುಗಳ ಮೇಲೆ ನನಗೆ ಅಷ್ಟು ಪ್ರೀತಿ ಇದೆ.

ಮೋಸವೇ ಅಂದಿರಿ. ಎರಡು ಕಂಪನಿಗಳೂ ಈ ಒಪ್ಪಂದವನ್ನು ಬಹಿರಂಗವಾಗಿ ಹೇಳಿವೆ. ಆ ಲೆಕ್ಕದಲ್ಲಿ ಮೋಸ ಅಲ್ಲ. ಆದರೆ ಷೋರೂಮಿನಲ್ಲಿ ನಿಮ್ಮ ಎದುರು ಕೂತವರು, 'ಸರ್, ಇದು ಬಲೆನೋ ಜೊತೆ ಹಂಚಿಕೊಂಡ ಕಾರು, ನಮ್ಮಲ್ಲಿ ನಿಮಗೆ ಸಿಗುವುದು ಇಂಥಿಂಥದ್ದು' ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದ್ದರೆ ನಿಮಗೆ ಈ ಬೇಜಾರೇ ಆಗುತ್ತಿರಲಿಲ್ಲ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಗ್ಲಾಂಜಾದಲ್ಲೇ ಮುಂದುವರಿದರೆ ನೀವು ಕೊಳ್ಳುತ್ತಿರುವುದು ಬಲೆನೋ ಕಾರು, ಟೊಯೋಟಾ ಸರ್ವಿಸ್. ಮೊದಲು ಇದರಲ್ಲಿ ದೊಡ್ಡ ಲಾಭ ಇತ್ತು. ಟೊಯೋಟಾ 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಿತ್ತು, ಮಾರುತಿಯದು 2 ವರ್ಷ ಅಥವಾ 40,000 ಕಿ.ಮೀ. 2024ರ ಜುಲೈನಲ್ಲಿ ಮಾರುತಿಯೂ 3 ವರ್ಷ, 1 ಲಕ್ಷಕ್ಕೆ ಏರಿಸಿತು. ಹಾಗಾಗಿ ಆ ಅಂತರ ಹೋಯಿತು. ಈಗ ನಿಮ್ಮ ತಕ್ಕಡಿಯಲ್ಲಿ ಇರುವುದು ವರ್ಕ್‌ಶಾಪು. ಇನೋವಾ ಬಿಡುವ ಜಾಗದಲ್ಲಿ ನಿಮ್ಮನ್ನು ಹೆಸರು ಹಿಡಿದು ಮಾತಾಡಿಸುವ ಸರ್ವಿಸ್ ಅಡ್ವೈಸರ್ ಇದ್ದಾರಾ? ಬಿಲ್ಲಿನಲ್ಲಿ ನಂಬಿಕೆ ಇದೆಯಾ? ಇದ್ದರೆ ಗ್ಲಾಂಜಾ ಸರಿ.

ಅಪಾಯವನ್ನೂ ಹೇಳಿಬಿಡುತ್ತೇನೆ. ವಾರಂಟಿ ಕೆಲಸಕ್ಕೆ ಟೊಯೋಟಾ ಸರ್ವಿಸ್ ಸೆಂಟರಿಗೇ ಹೋಗಬೇಕು, ಮಾರುತಿಯವರು ಮಾಡಿಕೊಡುವುದಿಲ್ಲ. ಮಾರುತಿ ವರ್ಕ್‌ಶಾಪು ತಾಲ್ಲೂಕು ಊರುಗಳಲ್ಲೂ ಸಿಗುತ್ತದೆ, ಟೊಯೋಟಾದ್ದು ಅಷ್ಟು ಸಿಗುವುದಿಲ್ಲ. ಬಂಪರ್, ಗ್ರಿಲ್ ಗ್ಲಾಂಜಾಗೆ ಮಾತ್ರ ಆಗುವಂಥವು. ಅವು ಒಡೆದರೆ ಹೊರಗಿನ ಅಂಗಡಿಯಲ್ಲಿ ಬಲೆನೋದಷ್ಟು ಸಲೀಸಾಗಿ ಸಿಗುವುದಿಲ್ಲ. ನಿಮ್ಮ ಓಡಾಟ ಹಳ್ಳಿ ಕಡೆಗೇ ಜಾಸ್ತಿ ಇದ್ದರೆ ಇದನ್ನು ಯೋಚಿಸಿ.

ಬಲೆನೋಗೆ ಹೋದರೆ ಈ ತೊಂದರೆ ಇಲ್ಲ. ಆದರೆ ಬುಕಿಂಗ್ ರದ್ದು ಮಾಡುವ ಮುಂಚೆ ಒಂದೇ ಮಟ್ಟದ ವೇರಿಯಂಟ್ ಇಟ್ಟುಕೊಂಡು ಎರಡೂ ಕಡೆಯಿಂದ ಆನ್‌ರೋಡ್ ಬೆಲೆ ಕಾಗದದ ಮೇಲೆ ಬರೆಸಿಕೊಳ್ಳಿ. ವಿಮೆ, ಹೆಚ್ಚುವರಿ ವಾರಂಟಿ, ಆಕ್ಸೆಸರಿ ಬೇರೆ ಬೇರೆ ಸಾಲಿನಲ್ಲಿರಲಿ. ಕಾರು ಒಂದೇ ಆಗಿರುವುದರಿಂದ ಇಲ್ಲಿ ಚೌಕಾಸಿ ಮಾಡಲು ನಿಮಗೆ ಬಲ ಇದೆ. ಒಬ್ಬರ ಕೊಟೇಶನ್ ಇನ್ನೊಬ್ಬರ ಮುಂದೆ ಇಡಿ. ಮೂರನೆಯ ದಾರಿ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್. ಟೊಯೋಟಾ ಎಂಜಿನ್ನೇ ಬೇಕು ಅನ್ನುವ ಹಟ ಇದ್ದರೆ ಅದು ಅಲ್ಲಿದೆ. ಆದರೆ ಬೆಲೆ ಎಷ್ಟೋ ಜಾಸ್ತಿ. ದಿನದ ಓಡಾಟ ಕಮ್ಮಿ ಇದ್ದರೆ ಪೆಟ್ರೋಲ್ ಉಳಿತಾಯದಲ್ಲಿ ಆ ವ್ಯತ್ಯಾಸ ಹುಟ್ಟುವುದಿಲ್ಲ.

ಮರುಮಾರಾಟಕ್ಕೆ ಹೆದರಬೇಡಿ. ಹೆಸರಿಗೂ ಬೆಲೆ ಇರುವುದು ನಿಜ. ಅಮೆರಿಕದ ಫ್ರೀಮಾಂಟ್‌ನ ಒಂದೇ ಕಾರ್ಖಾನೆಯಲ್ಲಿ ಟೊಯೋಟಾ ಕೊರೊಲ್ಲಾ ಮತ್ತು ಅದರ ಅವಳಿ ಜಿಯೋ ಪ್ರಿಝ್ಮ್ ತಯಾರಾಗುತ್ತಿದ್ದವು. ಹಳೇ ಕಾರಿನ ಪೇಟೆಯಲ್ಲಿ ಕೊರೊಲ್ಲಾಗೇ ಜಾಸ್ತಿ ಬೆಲೆ. ನಮ್ಮಲ್ಲಿ ಈ ಜೋಡಿಯಲ್ಲಿ ಎರಡೂ ಹೆಸರು ಗಟ್ಟಿ. ನಾನು ಪರೀಕ್ಷೆ ಮಾಡುವ ಗಾಡಿಗಳಲ್ಲಿ ಬೆಲೆ ಏರುವುದು ಇಳಿಯುವುದು ಲಾಂಛನದಿಂದಲ್ಲ. ಎಷ್ಟನೇ ಮಾಲೀಕರು, ಸರ್ವಿಸ್ ದಾಖಲೆ ಪೂರ್ತಿ ಇದೆಯಾ, ಪೆಟ್ಟು ಬಿದ್ದಿದೆಯಾ ಅನ್ನುವುದರಿಂದ. ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಡಿ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ದಾವಣಗೆರೆಯ ಟೊಯೋಟಾ ವರ್ಕ್‌ಶಾಪಿನ ಮೇಲೆ ನಿಮಗೆ ಈಗಾಗಲೇ ಭರವಸೆ ಇದ್ದು, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಮುಂಗಡ ವಾಪಸ್ ಕೇಳುತ್ತಿರಲಿಲ್ಲ. ಬಲೆನೋ ಕಡೆ ಒಳ್ಳೆ ಮೊತ್ತ ಉಳಿಯುವುದಾದರೆ ಎರಡನೇ ಯೋಚನೆ ಇಲ್ಲದೆ ಬಲೆನೋ ತರುತ್ತಿದ್ದೆ.

ಅಪ್ಪನ ಇನೋವಾ ಮಾರಬೇಡಿ. 2.8 ಲಕ್ಷ ಓಡಿ ಎಂಜಿನ್ ಬಿಚ್ಚದ ಗಾಡಿಗೆ ಪೇಟೆಯಲ್ಲಿ ಸಿಗುವ ದುಡ್ಡಿಗಿಂತ ಮನೆಯಲ್ಲಿ ಅದರ ಉಪಯೋಗ ದೊಡ್ಡದು. ಕ್ಲಚ್, ಸಸ್ಪೆನ್ಷನ್ ಬುಷ್, ಕೂಲಂಟ್ ಪೈಪುಗಳನ್ನು ಒಮ್ಮೆ ನೋಡಿಸಿ. ಹೊಸ ಕಾರು ಬಂದ ಮೇಲೆ ವಾರಕ್ಕೆ ಒಂದು ಸಲವಾದರೂ ಅದನ್ನು ಹತ್ತು ಹದಿನೈದು ಕಿ.ಮೀ. ಓಡಿಸಿ. ನಿಂತರೆ ಬ್ಯಾಟರಿಯೂ ಟೈರೂ ಬೇಗ ಹಾಳಾಗುತ್ತವೆ.